ಕೆಡುತ್ತಿರುವ ಮದರ್‌ಬೋರ್ಡನ್ನು ನಾನು ಪರೀಕ್ಷಿಸುವ ಬಗೆ

ಕೆಲಸದ ನಡುವೆ ಕಂಪ್ಯೂಟರ್ ತಾನಾಗಿಯೇ ನಿಂತುಹೋಗುವುದು, ತಣ್ಣಗಿದ್ದಾಗ ಒಂದೇ ಸಲಕ್ಕೆ ಶುರುವಾಗದಿರುವುದು, ಇಂತಹ ಲಕ್ಷಣಗಳು ಕಂಡಾಗ ನಾನು ಮೊದಲು ರ‍್ಯಾಮ್ ಮತ್ತು ಪವರ್ ಸಪ್ಲೈಗಳನ್ನು ಬದಲಿಸಿ ನೋಡುತ್ತೇನೆ. ಆಮೇಲೂ ತೊಂದರೆ ಉಳಿದರೆ ಮಾತ್ರ ಬೋರ್ಡನ್ನು ಕೈಗೆತ್ತಿಕೊಳ್ಳುತ್ತೇನೆ. ವಿದ್ಯುತ್ ತಂತಿಯನ್ನು ಕಿತ್ತು, ಉಳಿದ ಚಾರ್ಜ್ ಇಳಿಯಲೆಂದು ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದ ಮೇಲೆ, ಬೋರ್ಡನ್ನು ಅಂಚಿನಲ್ಲಿ ಹಿಡಿದು ಹೊರತೆಗೆಯುತ್ತೇನೆ.

ಮಲ್ಟಿಮೀಟರ್ ಮುಟ್ಟುವ ಮೊದಲು ಕಣ್ಣಿನ ಪರೀಕ್ಷೆಗೆ ಸಾಕಷ್ಟು ಸಮಯ ಕೊಡುವುದು ನನ್ನ ಪದ್ಧತಿ. ಟಾರ್ಚನ್ನು ನೇರವಾಗಿ ಮೇಲಿನಿಂದ ಹಿಡಿದರೆ ಏನೂ ಕಾಣುವುದಿಲ್ಲ. ಬೋರ್ಡಿನ ಮಟ್ಟಕ್ಕೆ ತಗ್ಗಿಸಿ ಓರೆಯಾಗಿ ಬೆಳಕು ಹಾಯಿಸಿದಾಗ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಪುಟ್ಟ ಡಬ್ಬಿಯಂತಹ ಭಾಗವಾದ ಕೆಪಾಸಿಟರಿನ ಉಬ್ಬಿದ ತಲೆ ನೆರಳಿನಿಂದಲೇ ಗೊತ್ತಾಗುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ನೆತ್ತಿಯ ಮೇಲೆ ಕೊರೆದಿರುವ ಗೀರುಗಳು ಒಳಗಿನ ಒತ್ತಡ ಹೆಚ್ಚಿದಾಗ ಅಲ್ಲಿಯೇ ಬಿರಿಯಲೆಂದು ಮಾಡಿದವು, ಆದ್ದರಿಂದ ಆ ಭಾಗ ಸಪಾಟಾಗಿರಲೇಬೇಕು. 2000ದ ದಶಕದ ಮೊದಲ ವರ್ಷಗಳ ಬೋರ್ಡುಗಳಲ್ಲಿ ದೋಷಯುಕ್ತ ಎಲೆಕ್ಟ್ರೋಲೈಟಿನ (ಒಳಗಿನ ದ್ರವದ) ದೆಸೆಯಿಂದ ಹೀಗೆ ಉಬ್ಬಿದವು ಸಾಲುಸಾಲಾಗಿ ಸಿಗುತ್ತವೆ. ಬುಡದಲ್ಲಿ ಕಂದು ಬಣ್ಣದ ಪದಾರ್ಥ ಕಂಡರೆ ಸೋರಿಕೆಯೆಂದು ಕೂಡಲೇ ತೀರ್ಮಾನಿಸಬಾರದು. ಕಾರ್ಖಾನೆಯಲ್ಲಿ ಅಲುಗದಂತೆ ಹಾಕಿದ ಅಂಟೂ ಹಾಗೆಯೇ ಕಾಣುತ್ತದೆ.

ಉಬ್ಬದೆಯೂ ಕೆಪಾಸಿಟರ್ ಕೆಡಬಹುದು. ಒಳಗಿನ ದ್ರವ ನಿಧಾನವಾಗಿ ಒಣಗಿದಂತೆ ಅದರ ಆಂತರಿಕ ರೋಧ (ಇಎಸ್‌ಆರ್) ಏರುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ವಿಷಯದಲ್ಲಿ ಬಳಕೆಯಲ್ಲಿರುವ ಅಂದಾಜು. ಪ್ರೊಸೆಸರಿನ ಸುತ್ತಲಿನವುಗಳನ್ನು ನಾನು ಮೊದಲು ಅನುಮಾನಿಸುವುದು ಇದೇ ಕಾರಣಕ್ಕೆ. ಘನ ಪಾಲಿಮರ್ ಕೆಪಾಸಿಟರುಗಳು ಕೆಟ್ಟರೂ ಸಾಮಾನ್ಯವಾಗಿ ಹೊರಗೆ ಗುರುತು ತೋರಿಸುವುದಿಲ್ಲ. ಅಲ್ಲಿ ಇಎಸ್‌ಆರ್ ಮೀಟರ್ ಬೇಕು, ಅದೂ ಒಂದು ಕಾಲನ್ನಾದರೂ ಬೋರ್ಡಿನಿಂದ ಬಿಡಿಸಿ ಅಳೆದರೆ ಮಾತ್ರ ನಂಬಬಹುದು, ಏಕೆಂದರೆ ಹಲವು ಕೆಪಾಸಿಟರುಗಳು ಸಮಾಂತರವಾಗಿ ಜೋಡಣೆಯಾಗಿರುವಲ್ಲಿ ಒಳ್ಳೆಯದರ ಮರೆಯಲ್ಲಿ ಕೆಟ್ಟದ್ದು ಅಡಗಿಬಿಡುತ್ತದೆ.

ಮುಂದಿನದು ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಸ್ವಿಚ್ಚುಗಳಾದ ಮಾಸ್ಫೆಟ್‌ಗಳ ಸರದಿ. ಪ್ರೊಸೆಸರನ್ನು ತೆಗೆದಿಟ್ಟು, ಅದಕ್ಕೆ 12 ವೋಲ್ಟ್ ಕೊಡುವ ಕನೆಕ್ಟರಿನ ಧನ ಪಿನ್ನಿನಿಂದ ಗ್ರೌಂಡಿಗೆ ರೋಧ ಅಳೆಯುತ್ತೇನೆ. ಶೂನ್ಯದ ಹತ್ತಿರ ನಿಂತರೆ ಆ ಹಾದಿಯಲ್ಲಿ ಶಾರ್ಟ್ ಇದೆ. ಪ್ರೊಸೆಸರಿನ ವೋಲ್ಟೇಜ್ ಹಾದಿಯಲ್ಲಿ ಮಾತ್ರ ಈ ಅಳತೆಗೋಲು ನಡೆಯದು: ಪ್ರೊಸೆಸರ್ ಕುಳಿತಿರುವಾಗ ಅಲ್ಲಿ ತೀರಾ ಕಡಿಮೆ ರೋಧವಿರುವುದು ಸಹಜ, ಅದನ್ನೇ ಶಾರ್ಟ್ ಎಂದು ಭಾವಿಸಿ ಒಳ್ಳೆಯ ಬೋರ್ಡನ್ನು ಮೂಲೆಗೆಸೆಯುವವರಿದ್ದಾರೆ.

ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಒಂದೇ ಬಗೆಯ ಹಲವು ಶಾಖೆಗಳಿಗೆ ಫೇಸ್ ಎನ್ನುತ್ತಾರೆ. ಶಾರ್ಟ್ ಯಾವ ಫೇಸಿನಲ್ಲಿದೆ ಎಂದು ಹುಡುಕುವುದು ನನಗೆ ಇಡೀ ಕೆಲಸದಲ್ಲೇ ಹೆಚ್ಚು ಪ್ರಿಯವಾದ ಭಾಗ. ಕಾಯಿಲ್‌ಗಳ ಮೂಲಕ ಎಲ್ಲ ಫೇಸುಗಳೂ ಒಂದೇ ಬಿಂದುವಿನಲ್ಲಿ ಕೂಡುವುದರಿಂದ, ಒಂದು ಮಾಸ್ಫೆಟ್ಟಿನಲ್ಲಿ ವಿದ್ಯುತ್ ಹರಿಯುವ ಎರಡು ಕಾಲುಗಳಾದ ಡ್ರೇನ್ ಮತ್ತು ಸೋರ್ಸ್ ಬೆಸೆದುಕೊಂಡರೆ ಎಲ್ಲವೂ ಕೆಟ್ಟಂತೆ ಮೀಟರ್ ತೋರಿಸುತ್ತದೆ. ಆದರೆ ಆ ಹರಿವನ್ನು ನಿಯಂತ್ರಿಸುವ ಕಾಲಾದ ಗೇಟ್ ಪ್ರತಿಯೊಂದು ಫೇಸಿಗೂ ಬೇರೆ. ಗೇಟಿನಿಂದ ಸೋರ್ಸಿಗೆ ರೋಧ ಅಳೆದು ಫೇಸುಗಳನ್ನು ಒಂದರೊಡನೊಂದು ಹೋಲಿಸಿದರೆ, ಸರ್ಕ್ಯೂಟಿನ ನಕ್ಷೆ ಇಲ್ಲದೆಯೂ, ಉಳಿದವುಗಳಿಗೆ ತಾಳೆಯಾಗದ ಒಂದು ಹಲವು ವೇಳೆ ಎದ್ದು ಕಾಣುತ್ತದೆ. ಗೇಟನ್ನು ನಡೆಸುವ ಡ್ರೈವರ್ ಚಿಪ್ ಮತ್ತು ಮಾಸ್ಫೆಟ್ ಒಂದೇ ಕವಚದಲ್ಲಿರುವ ಹೊಸ ಬೋರ್ಡುಗಳಲ್ಲಿ ಗೇಟ್ ಕೈಗೆ ಸಿಗದ ಕಾರಣ ಈ ದಾರಿ ಮುಚ್ಚಿದೆ.

ಶಾರ್ಟ್ ಇಲ್ಲವೆಂದು ಖಚಿತವಾದ ಮೇಲೆ ವಿದ್ಯುತ್ ಕೊಟ್ಟು, 24 ಪಿನ್ನಿನ ಕನೆಕ್ಟರಿನ ನೇರಳೆ ತಂತಿಯಲ್ಲಿ ಸ್ಟ್ಯಾಂಡ್‌ಬೈ ವೋಲ್ಟೇಜ್ (ಕಂಪ್ಯೂಟರ್ ಆಫ್ ಇದ್ದಾಗಲೂ ಇರುವುದು) 4.75ರಿಂದ 5.25ರ ಒಳಗಿದೆಯೇ ಎಂದು ನೋಡುತ್ತೇನೆ. ಕೆಪಾಸಿಟರ್ ಬದಲಿಸಬೇಕಾಗಿ ಬಂದರೆ ಉಬ್ಬಿದ್ದನ್ನಷ್ಟೇ ಅಲ್ಲ, ಅದೇ ಗುಂಪಿನ ಎಲ್ಲವನ್ನೂ ಬದಲಿಸುತ್ತೇನೆ. ಸಾಮರ್ಥ್ಯ ಅಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, ಕಡಿಮೆ ಇಎಸ್‌ಆರ್‌ನ 105 ಡಿಗ್ರಿಯದಾಗಿರಬೇಕು. ಬೋರ್ಡಿನ ಒಳಪದರದ ತಾಮ್ರ ಬಿಸಿಯನ್ನೆಲ್ಲ ಹೀರುವುದರಿಂದ ಗ್ರೌಂಡಿನ ಕಾಲು ಸುಲಭಕ್ಕೆ ಬಿಡುವುದಿಲ್ಲ. ಎಳೆದರೆ ರಂಧ್ರದ ಒಳಲೇಪವೇ ಕಿತ್ತುಬರುತ್ತದೆ, ಹಾಗಾಗಿ ಹೊಸ ಬೆಸುಗೆ ಸೇರಿಸಿ, ಅದು ಪೂರ್ತಿ ಕರಗುವವರೆಗೆ ಕಾಯುತ್ತೇನೆ.