ಊದುಬತ್ತಿ ಹಚ್ಚಿ ಬೂಷ್ಟು ಹುಡುಕಿದ್ದು

ನಾನು ಕರಾವಳಿಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮಲ್ಲಿ ನೆಲಮಹಡಿಯ ಹಳೇ ಗೋಡೆ ಒಡೆದು ಹೊಸ ಸ್ಕ್ಯಾನಿಂಗ್ ರೂಮ್ ಕಟ್ಟುವ ಕೆಲಸ ಶುರುವಾಯಿತು. ಅದರ ನೇರ ಮೇಲೆ, ಎರಡನೇ ಮಹಡಿಯಲ್ಲಿ, ರಕ್ತದ ಕ್ಯಾನ್ಸರಿಗೆ ಕೀಮೋ ತಗೊಳ್ಳುವವರ ಆರು ಹಾಸಿಗೆಯ ವಾರ್ಡ್. ಈ ಕೆಲಸದ ಸುದ್ದಿ ನಮಗೆ ಸಿಕ್ಕಿದ್ದು ಹತ್ತು ದಿನ ಮೊದಲು. ಅದೂ ಲಿಫ್ಟಿನಲ್ಲಿ ಇಂಜಿನಿಯರ್ ಎದುರಾಗಿ ಮಾತಿಗೆ ಮಾತು ಬಂದಾಗ!

ಹಳೇ ಗೋಡೆ ಒಡೆದಾಗ ಏಳುವುದು ಬರೀ ಸಿಮೆಂಟ್ ಧೂಳಲ್ಲ. ನೀರು ಸೋರಿ ಒಣಗಿದ ಫಾಲ್ಸ್ ಸೀಲಿಂಗ್, ಪೈಪಿನ ಹಿಂದಿನ ತೇವ, ಎಸಿ ಡಕ್ಟಿನ ಕೊಳೆ, ಎಲ್ಲ ಕಡೆ ಬೂಷ್ಟು ಇರುತ್ತದೆ. ಅದರಲ್ಲಿ ನಮಗೆ ಭಯ ಆಸ್ಪರ್‌ಜಿಲಸ್‌ದು. ನಾವು ನೀವು ಅದರ ಸ್ಪೋರ್, ಅಂದರೆ ಬೂಷ್ಟಿನ ಬೀಜದಂಥ ಸಣ್ಣ ಕಣ, ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಕೀಮೋದಿಂದ ಬಿಳಿ ರಕ್ತಕಣ ತೀರಾ ಇಳಿದವರಿಗೆ ಹಾಗಲ್ಲ, ಅದು ಶ್ವಾಸಕೋಶದಲ್ಲೇ ಬೆಳೆಯಬಹುದು. ಆಮೇಲೆ ಉಳಿಸಿಕೊಳ್ಳುವುದು ಕಷ್ಟ.

ಮೊದಲು ಮಾಡಿದ್ದು ಸುತ್ತಿಗೆ ಬೀಳುವ ಮೊದಲಿನ ಲೆಕ್ಕ ತೆಗೆದಿಡುವುದು. ಗಾಳಿಯಲ್ಲಿ ಇಷ್ಟು ಸ್ಪೋರ್ ಇದ್ದರೆ ಸರಿ, ಇದಕ್ಕಿಂತ ಜಾಸ್ತಿ ಆದರೆ ತಪ್ಪು ಅಂತ ಎಲ್ಲರೂ ಒಪ್ಪಿದ ಸಂಖ್ಯೆ ಯಾವುದೂ ಇಲ್ಲ. ನಮ್ಮದನ್ನು ನಮ್ಮ ಜೊತೆಗೇ ಹೋಲಿಸಿಕೊಳ್ಳಬೇಕು. ಹಾಗಾಗಿ ಮೂರು ಜಾಗ ಗುರುತು ಮಾಡಿದೆ: ಪೋರ್ಟಿಕೋ ತಾರಸಿ, ವಾರ್ಡಿನ ಹೊರಗಿನ ಕಾರಿಡಾರ್, ವಾರ್ಡಿನ ಒಳಗೆ. ವಾರಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ. ಕಸ ಗುಡಿಸಿದ ಕೂಡಲೇ ಒಂದು ದಿನ, ಮಧ್ಯಾಹ್ನ ಎಲ್ಲ ಮಲಗಿದಾಗ ಇನ್ನೊಂದು ದಿನ ಅಂತ ತೆಗೆದರೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಬೂಷ್ಟು ಬೆಳೆಯಲು ಆಹಾರ ತುಂಬಿದ ಪ್ಲೇಟಿನ ಮುಚ್ಚಳ ತೆಗೆದು ಒಂದು ಗಂಟೆ ಮೇಜಿನ ಮೇಲೆ ಇಡುವ ಪದ್ಧತಿ ನಮ್ಮಲ್ಲಿ ಮೊದಲಿಂದ ಇತ್ತು. ಖರ್ಚು ಕಡಿಮೆ, ಆದರೆ ಈ ಕೆಲಸಕ್ಕೆ ನಾನು ಅದನ್ನು ನಂಬಲಿಲ್ಲ. ನಾವು ಮುಖ್ಯವಾಗಿ ಹುಡುಕುತ್ತಿದ್ದದ್ದು ಆಸ್ಪರ್‌ಜಿಲಸ್‌ಗಳಲ್ಲಿ ಹೆಚ್ಚು ಕಾಯಿಲೆ ತರುವ ಫ್ಯುಮಿಗೇಟಸ್ ಅನ್ನುವ ಜಾತಿ. ಆಸ್ಪರ್‌ಜಿಲಸ್ ಫ್ಯುಮಿಗೇಟಸ್‌ನ ಸ್ಪೋರ್ 2ರಿಂದ 3 ಮೈಕ್ರಾನ್. ಗಾಳಿ ಅಲುಗಾಡದಿದ್ದರೂ ಒಂದು ಮೀಟರ್ ಕೆಳಗಿಳಿಯಲು ಅದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಫ್ಯಾನ್ ತಿರುಗುವ ವಾರ್ಡಿನಲ್ಲಿ ಅದು ತಾನಾಗಿ ಬಂದು ನಮ್ಮ ಪ್ಲೇಟಿನಲ್ಲಿ ಕೂರಲಿ ಅಂತ ಕಾಯುವುದು ಆಗುವ ಮಾತಾ? ಅದಕ್ಕೇ ಏರ್ ಸ್ಯಾಂಪ್ಲರ್ ಬಳಸಿದೆವು. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆದು, ಜರಡಿಯಂಥ ಮುಚ್ಚಳದ ತೂತುಗಳ ಮೂಲಕ ಪ್ಲೇಟಿಗೆ ಬಡಿಯುವ ಮಿಷನ್. ಹತ್ತು ನಿಮಿಷ ಓಡಿಸಿದರೆ 1000 ಲೀಟರ್, ಅಂದರೆ ಒಂದು ಘನ ಮೀಟರ್.

ಮೊದಲ ದಿನವೇ ಎಡವಿದೆ. ತಾರಸಿಯಲ್ಲೂ ಹತ್ತು ನಿಮಿಷ ಓಡಿಸಿಬಿಟ್ಟೆ. ಮೂರನೇ ದಿನ ನೋಡಿದರೆ ಕಾಲೊನಿಗಳು (ಬಿದ್ದ ಒಂದೊಂದು ಸ್ಪೋರಿನಿಂದ ಬೆಳೆದ ಚುಕ್ಕೆಗಳು) ಒಂದಕ್ಕೊಂದು ಅಂಟಿ ಪ್ಲೇಟಿನ ತುಂಬ ಹುಲ್ಲುಹಾಸು. ಇನ್ನೊಂದರಲ್ಲಿ ರೈಜೋಪಸ್ ಅನ್ನುವ ಬೇರೆ ಬೂಷ್ಟು ಬಿದ್ದು, ಬೂದು ಹತ್ತಿಯ ಹಾಗೆ ಮುಚ್ಚಳದವರೆಗೆ ಎದ್ದು ಉಳಿದದ್ದನ್ನೆಲ್ಲ ನುಂಗಿತ್ತು. ಆಮೇಲಿಂದ ಹೊರಗೆ ಒಂದೇ ನಿಮಿಷ, ಬಂದದ್ದನ್ನು ಹತ್ತರಿಂದ ಗುಣಿಸುವುದು. ಒಳಗೆ ಮಾತ್ರ ಹತ್ತು ನಿಮಿಷ.

ಪ್ಲೇಟಿನಲ್ಲಿ ಇದ್ದದ್ದು ಬೂಷ್ಟು ಬೆಳೆಸುವ ಸಬೊರೋ ಅಗಾರ್, ಬ್ಯಾಕ್ಟೀರಿಯಾ ಬೆಳೆಯದಂತೆ ಕ್ಲೋರಾಂಫೆನಿಕಾಲ್ ಹಾಕಿದ್ದು. ಒಂದು ಜೊತೆ ಪ್ಲೇಟ್ 25 ಡಿಗ್ರಿಯಲ್ಲಿ, ಇನ್ನೊಂದು ಜೊತೆ 37ರಲ್ಲಿ. ಈ 37ರ ಜೊತೆಯೇ ನನಗೆ ಮುಖ್ಯ. ಹೊರಗಿನ ಎಷ್ಟೋ ಬೂಷ್ಟು ಆ ಶಾಖಕ್ಕೆ ಹಿಂದೆ ಸರಿಯುತ್ತವೆ, ಫ್ಯುಮಿಗೇಟಸ್ ಮಾತ್ರ ಹಾಯಾಗಿ ಬೆಳೆಯುತ್ತದೆ. ನಮ್ಮ ಮೈಯ ಶಾಖವೂ ಅಷ್ಟೇ ಅಲ್ವಾ.

ಗುರುತಿಸುವುದು ಹೀಗೆ. ಪ್ಲೇಟನ್ನು ಸೇಫ್ಟಿ ಕ್ಯಾಬಿನೆಟ್ಟಿನೊಳಗೇ ತೆರೆಯಬೇಕು. ಹೊರಗೆ ತೆರೆದರೆ ಲ್ಯಾಬ್ ತುಂಬ ಸ್ಪೋರ್ ಹಾರಿ ನಾಳೆಯ ಪ್ಲೇಟೂ ಕೆಡುತ್ತದೆ. ಸೆಲ್ಲೋಟೇಪಿನ ತುಂಡನ್ನು ಕಾಲೊನಿಯ ಮೇಲೆ ಮೆಲ್ಲಗೆ ಮುಟ್ಟಿಸಿ, ಸ್ಲೈಡಿನ ಮೇಲಿನ ನೀಲಿ ಬಣ್ಣದ ಹನಿಗೆ ಅಂಟಿಸುತ್ತೇನೆ. ಮೈಕ್ರೋಸ್ಕೋಪಿನಲ್ಲಿ ಉದ್ದ ಕಾಂಡ, ತುದಿಯಲ್ಲಿ ಬುರುಡೆ, ಬುರುಡೆಯ ಮೇಲರ್ಧದಿಂದ ಮಾತ್ರ ಎದ್ದು ನಿಂತ ಸ್ಪೋರಿನ ಸಾಲುಗಳು ಕಂಡರೆ ಫ್ಯುಮಿಗೇಟಸ್. ಚರ್ಚಿನಲ್ಲಿ ಪಾದ್ರಿಗಳು ಪವಿತ್ರ ಜಲ ಚಿಮುಕಿಸುವ ಸಾಧನ ನಮ್ಮ ಊರಿನವರಿಗೆ ಗೊತ್ತೇ ಇದೆ. 1729ರಲ್ಲಿ ಇಟಲಿಯ ಸಸ್ಯಶಾಸ್ತ್ರಜ್ಞ ಮಿಕೆಲಿ ಈ ಆಕಾರ ನೋಡಿ ಅದನ್ನೇ ನೆನೆದು ಆಸ್ಪರ್‌ಜಿಲಸ್ ಅಂತ ಹೆಸರಿಟ್ಟರು. ಅವರೂ ಪಾದ್ರಿಯೇ.

ಕೆಲಸ ಶುರುವಾಯಿತು. ಪ್ಲಾಸ್ಟಿಕ್ ಶೀಟಿನ ಗೋಡೆ, ಜಿಪ್ ಬಾಗಿಲು, ಅಂಟು ಚಾಪೆ, ನೀರು ಚಿಮುಕಿಸಿ ಕಟಿಂಗ್, ಮುಚ್ಚಿದ ಗಾಡಿಯಲ್ಲಿ ಡೆಬ್ರಿಸ್, ಒಳಗಿನ ಗಾಳಿಯನ್ನು ಸ್ಪೋರಿನಷ್ಟು ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಹೊರಗೆ ಎಳೆಯುವ ಮಿಷನ್. ಎಲ್ಲ ಸರಿಯಾಗೇ ಇತ್ತು. ಎರಡು ವಾರ ವಾರ್ಡಿನ 37 ಡಿಗ್ರಿ ಪ್ಲೇಟಿನಲ್ಲಿ ಸೊನ್ನೆ, ಒಂದು, ಮತ್ತೆ ಸೊನ್ನೆ.

ಮೂರನೇ ವಾರ ಹನ್ನೊಂದು ಬಂತು. ಎಲ್ಲ ಬೂದು ಮಿಶ್ರಿತ ಹಸಿರು, ವೆಲ್ವೆಟ್ಟಿನ ಹಾಗೆ, ಸುತ್ತ ಬಿಳಿ ಅಂಚು.

ಜೂನ್ ತಿಂಗಳು. ಮಳೆ ಹಿಡಿದಿತ್ತು. "ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರ್ತದೆ ಮಾರಾಯ್ರೆ, ಎಂತಕ್ಕೆ ಅಷ್ಟು ತಲೆಬಿಸಿ?" ಅಂದರು ಆಡಳಿತದ ಒಬ್ಬರು. ಮಾತೇನೋ ಸರಿ. ಆದರೆ ಹೊರಗಿನ ಪ್ಲೇಟ್ ಬೇರೆ ಹೇಳುತ್ತಿತ್ತು. ತಾರಸಿಯಲ್ಲಿ ಅವತ್ತು ಬೇರೆ ಬೂಷ್ಟುಗಳು ರಾಶಿ ಇದ್ದವು, ಫ್ಯುಮಿಗೇಟಸ್ ಒಂದೂ ಇರಲಿಲ್ಲ. ಅದು ಒಂದೇ ನಿಮಿಷದ ಗಾಳಿ ಅಂತ ಇನ್ನೂ ನಾಲ್ಕು ಪ್ಲೇಟ್ ಹಾಕಿದೆ, ಅವುಗಳಲ್ಲೂ ಇಲ್ಲ. ಹೊರಗಿಲ್ಲದ್ದು ಒಳಗೆ ಇದೆ ಅಂದರೆ ಮೂಲವೂ ಕಟ್ಟಡದ ಒಳಗೇ ಇರಬೇಕು. ಒಟ್ಟು ಕಾಲೊನಿ ಮಾತ್ರ ಎಣಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಈ ಕೆಲಸದ ದೊಡ್ಡ ತೊಂದರೆ ಒಂದಿದೆ. ನಾನು ಇವತ್ತು ಓದುವ ಪ್ಲೇಟ್ ಎರಡು ಮೂರು ದಿನದ ಹಿಂದಿನ ಗಾಳಿ. ಅಷ್ಟರಲ್ಲಿ ರೋಗಿಗಳು ಅದನ್ನು ಉಸಿರಾಡಿ ಆಗಿದೆ. ಇನ್ನೊಂದು ಸಲ ಪ್ಲೇಟ್ ಹಾಕಿ ಖಾತ್ರಿ ಮಾಡಿಕೊಳ್ಳೋಣ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಓಟಿ ಪರೀಕ್ಷೆಗೆ ಬರುವವರಿಂದ ಗಾಳಿಯ ಕಣ ಎಣಿಸುವ ಪಾರ್ಟಿಕಲ್ ಕೌಂಟರ್ ತರಿಸಿದೆವು. ಅದಕ್ಕೆ ಬೂಷ್ಟು ಯಾವುದು, ಸಿಮೆಂಟ್ ಯಾವುದು ಗೊತ್ತಾಗುವುದಿಲ್ಲ, ಆದರೆ ನಿಂತಲ್ಲೇ ಸಂಖ್ಯೆ ಹೇಳುತ್ತದೆ. ಬಾಗಿಲ ಹತ್ತಿರ ಕಡಿಮೆ. ಒಳಗೆ ನಡೆದಂತೆ ಏರುತ್ತಾ ಹೋಯಿತು. ಕೊನೆಯ ಬಾತ್‌ರೂಮಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಡಾಕ್ಟರಿಗೆ ತೋರಿಸಿದ ಕೂಡಲೇ ಅವರು ಆರೂ ಜನರನ್ನು ಪಕ್ಕದ ಬ್ಲಾಕಿಗೆ ಕಳಿಸಿದರು. ಪ್ರತಿಯೊಬ್ಬರ ಮುಖಕ್ಕೆ ಎನ್95 ಹಾಕಿಸಿ, ದೂರದ ಮೆಟ್ಟಿಲ ಕಡೆಯ ಲಿಫ್ಟಿನಲ್ಲಿ.

ಮಾರನೇ ದಿನ ಊದುಬತ್ತಿ ತಂದೆ. ವಾರ್ಡಿನಲ್ಲಿ ಆಕ್ಸಿಜನ್ ಪಾಯಿಂಟ್ ಇರುವುದರಿಂದ ಅಲ್ಲಿ ಹಚ್ಚುವ ಹಾಗಿಲ್ಲ. ಕೆಳಗೆ ಪೈಪ್ ಹಾದು ಹೋಗುವ ಶಾಫ್ಟಿನ ಬುಡಕ್ಕೆ ಹೋಗಿ ಅಲ್ಲೇ ಹಚ್ಚಿದೆ. ಬಾಗಲಕೋಟೆ ಕಡೆಯ ಮೇಸ್ತ್ರಿ ಬಂದು ನಿಂತರು.

"ಅಕ್ಕಾರ, ಇಲ್ಲಿ ಯಾಕ್ರೀ ಊದಿನಕಡ್ಡಿ ಹಚ್ಚಾಕತ್ತೀರಿ? ಪೂಜಿ ಏನ್ರೀ?"

ಹೊಗೆ ಒಂದು ಗೇಣು ನೆಟ್ಟಗೆ ಎದ್ದು, ಆಮೇಲೆ ಯಾರೋ ದಾರ ಹಿಡಿದು ಎಳೆದ ಹಾಗೆ ಶಾಫ್ಟಿನೊಳಗೆ ಬಾಗಿ ಮೇಲೆ ಹೋಯಿತು. ಐದು ನಿಮಿಷಕ್ಕೆ ಮೇಲಿಂದ ಸಿಸ್ಟರ್ ಫೋನ್: "ಮೇಡಂ, ಬಾತ್‌ರೂಮಲ್ಲಿ ದೇವಸ್ಥಾನದ ಪರಿಮಳ ಬರ್ತಾ ಉಂಟು."

ನಡೆದದ್ದು ಇಷ್ಟು. ಹೊಸ ಡ್ರೈನ್ ಪೈಪಿಗಾಗಿ ಶಾಫ್ಟಿನ ಕೆಳಗಿನ ಗೋಡೆಯಲ್ಲಿ ಒಂದು ರಾತ್ರಿ ತೂತು ಹೊಡೆದಿದ್ದರು. ಅದು ನಮ್ಮ ಪ್ಲಾಸ್ಟಿಕ್ ಗೋಡೆಯ ಹೊರಗಿನ ಜಾಗ, ಹಾಗಾಗಿ ಯಾರೂ ಹೇಳಲಿಲ್ಲ. ಮೇಲೆ ಬಾತ್‌ರೂಮಿನಲ್ಲಿ ಹಳೇ ಪೈಪಿನ ಸುತ್ತ ಎರಡು ಬೆರಳು ತೂರುವಷ್ಟು ಸಂದು. ವಾರ್ಡಿನ ಎಕ್ಸಾಸ್ಟ್ ಫ್ಯಾನ್ ಹಗಲು ರಾತ್ರಿ ಓಡುತ್ತಿತ್ತು. ಅದು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬರುತ್ತಿದ್ದದ್ದು ಶಾಫ್ಟಿನಿಂದ. ಸುರಕ್ಷಿತ ವಾರ್ಡಿನಲ್ಲಿ ಗಾಳಿ ಒಳಗಿಂದ ಹೊರಗೆ ಹೋಗಬೇಕು. ಒಳ್ಳೆಯದಕ್ಕೆ ಅಂತ ಹಾಕಿದ ಫ್ಯಾನೇ ಅದನ್ನು ತಿರುಗಿಸಿಬಿಟ್ಟಿತ್ತು. ನಾನೂ ಆ ಫ್ಯಾನಿನ ಕೆಳಗೇ ನಿಂತು ಎಷ್ಟು ಸಲ ಸ್ಯಾಂಪಲ್ ತೆಗೆದಿದ್ದೆ, ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಫ್ಯಾನ್ ಬಂದ್ ಮಾಡಿಸಿದೆವು. ಎರಡೂ ಕಡೆ ಸಂದು ಮುಚ್ಚಿದರು. ವಾರ್ಡಿಗೆ ಎರಡು ಹೆಪಾ ಮಿಷನ್ ಬಂತು. ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿ, ಎರಡು ದಿನ ಬಿಟ್ಟು ಸ್ಯಾಂಪಲ್ ತೆಗೆದೆ. ಬಾತ್‌ರೂಮಿನಲ್ಲಿ ಎರಡು ಬಂತು, ಮತ್ತೆ ಒರೆಸಿಸಿದೆ. ಸತತ ಮೂರು ಸಲ ಸೊನ್ನೆ ಬಂದ ಮೇಲೆ ರೋಗಿಗಳು ವಾಪಸ್ ಬಂದರು. ಅವರಿಗೆಲ್ಲ ಆಮೇಲೂ ಕೆಲವು ವಾರ ಜ್ವರ, ಕೆಮ್ಮಿನ ಮೇಲೆ ಕಣ್ಣಿಟ್ಟಿದ್ದೆವು.

ಕೆಲಸ ಇನ್ನೂ ನಾಲ್ಕು ತಿಂಗಳು ನಡೆಯಿತು. ಸರ್ಕ್ಯುಲರ್ ಬಂತು, ಗೋಡೆ ಮುಟ್ಟುವ ಮೊದಲು ನಮ್ಮ ಸಹಿ ಬೇಕು ಅಂತ ಫಾರಂ ಬಂತು. ಅದಕ್ಕಿಂತ ಮೊದಲು ಬರುತ್ತಿದ್ದದ್ದು ಮೇಸ್ತ್ರಿಯ ಫೋನ್:

"ಅಕ್ಕಾರ, ನಾಳೆ ಒಂದ್ ತೂತು ಹೊಡೀಬೇಕ್ರೀ. ನಿಮ್ಮ ಊದಿನಕಡ್ಡಿ ತಗೊಂಡ್ ಬರ್ರಿ."