ಐಸೆನ್‌ಹೋವರ್ ಸಹಿಯಿಂದ ರಜೆ ಚೀಟಿಯವರೆಗೆ

ಎರಡನೇ ಮಹಾಯುದ್ಧಕಾಲದ ಸಹಿ ಇರುವ ಕಾಗದ ಕೂಡಿಡುವ ಹುಚ್ಚು ಹಿಡಿದಾಗ ನಾನು ಮೊದಲು ಕೊಂಡದ್ದೇ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಸಹಿ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ನಡೆದ ದಾಳಿಗೆ ಮುಂಚೆ ಸೈನಿಕರಿಗೆ ಹಂಚಿದ ಸಂದೇಶದ ಹಾಳೆ ಅದು. ಮಾರಿದವನು 'ಅವರೇ ಕೈಯಾರೆ ಹಾಕಿದ್ದು' ಅಂದ, ನಾನು ನಂಬಿದೆ. ಆಮೇಲೆ ಓದಿದೆ, ಆ ಹಾಳೆ ಹೋದದ್ದು 1,75,000 ಜನರಿಗೆ. ಅಷ್ಟಕ್ಕೂ ಕೂತು ಸಹಿ ಹಾಕಿದ್ದರೆ ದಾಳಿ ಮಾಡಲು ಪುರಸೊತ್ತೆಲ್ಲಿ ಸಿಗುತ್ತಿತ್ತು? ಭೂತಗನ್ನಡಿ ಹಿಡಿದು ನೋಡಿದರೆ ಸಹಿಯೂ ಅಕ್ಷರವೂ ಒಂದೇ ಅಚ್ಚಿನವು. ಹಾಳೆ ಅಸಲಿಯೇ ಇರಬಹುದು, ಸಹಿ ಮಾತ್ರ ಕೈಬರಹ ಅಲ್ಲ.

ಆಮೇಲಿಂದ ದುಡ್ಡು ಕೊಡುವ ಮುಂಚೆ ಸ್ವಲ್ಪ ಜಗಳಗಂಟನಾಗಿದ್ದೇನೆ. ಮೊದಲು ತಾರೀಖು ಮತ್ತು ಹುದ್ದೆ ತಾಳೆ ನೋಡುತ್ತೇನೆ. ಲಿಬಿಯಾದ ಟೋಬ್ರೂಕ್ ಬಂದರು ಜರ್ಮನ್ ಸೇನಾಪತಿ ರೋಮೆಲ್ ಕೈಗೆ ಬಿದ್ದದ್ದು 1942ರ ಜೂನ್ 21ಕ್ಕೆ, ಅವರು ಫೀಲ್ಡ್ ಮಾರ್ಷಲ್ ಆದದ್ದು ಮರುದಿನ. ಅದೇ ವರ್ಷದ ಮೇ ತಿಂಗಳ ಪದಕಪತ್ರದಲ್ಲಿ ಅವರ ಹೆಸರಿನ ಕೆಳಗೆ ಆ ಹುದ್ದೆ ಟೈಪಾಗಿದ್ದರೆ ನಮಸ್ಕಾರ ಹೇಳಿ ಎದ್ದು ಬರುವುದೇ ಸರಿ. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ, ಹಾಗಾಗಿ 1943ರ ಕಾಗದದಲ್ಲಿ ಬಾಲ್ ಪೆನ್ ಸಹಿ ಕಂಡರೂ ಅನುಮಾನ. ನೇರಳಾತೀತ ದೀಪದ ಕೆಳಗೆ ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದು ಬಹುತೇಕ ಯುದ್ಧದ ನಂತರದ್ದು. ಹೊಳೆಯದಿದ್ದರೆ ಅಸಲಿ ಅಂತಲ್ಲ, ಹಳೆಯ ಖಾಲಿ ಹಾಳೆ ಹುಡುಕಿ ಬರೆಯುವ ಚಾಲಾಕಿಗಳೂ ಇದ್ದಾರೆ.

ಒಮ್ಮೆ ಒಂದು ಕಟ್ಟಿನ ಜೊತೆ ಸುಮ್ನೆ ಸೇರಿಕೊಂಡು ಬಂದದ್ದು ಒಬ್ಬ ಅಮೆರಿಕನ್ ಸೈನಿಕನ ರಜೆ ಚೀಟಿ ಮತ್ತು ಸೇನೆಯಿಂದ ಬಿಡುಗಡೆಯಾದ ಪತ್ರ. ಸಹಿ ಯಾರೂ ಕೇಳದ ಅಧಿಕಾರಿಗಳದ್ದು. ಪಕ್ಕಕ್ಕಿಟ್ಟಿದ್ದೆ. ಆದರೆ 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೈನಿಕರ ಕಡತ ಇಡುವ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ಸುಟ್ಟವು, 1912ರಿಂದ 1960ರ ನಡುವೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ. 80ರಷ್ಟು ಹೋದವು ಅಂತ ತಿಳಿದ ಮೇಲೆ ಆ ಚೀಟಿಯನ್ನು ಹಾಗೆ ಬಿಸಾಡಲು ಮನಸ್ಸಾಗಲಿಲ್ಲ. ಅವನು ಯಾವ ತುಕಡಿಯಲ್ಲಿದ್ದ, ಯಾವ ದಿನ ಎಲ್ಲಿದ್ದ ಅನ್ನುವುದಕ್ಕೆ ಉಳಿದಿರುವುದು ಅದೊಂದೇ ಇರಬಹುದು, ಅಲ್ವಾ? ಈಗ ಎರಡೂ ಬದಿ ಸ್ಕ್ಯಾನ್ ಮಾಡಿಯೇ ಒಳಗಿಡುತ್ತೇನೆ.

ಇಡುವ ವಿಷಯದಲ್ಲಿ ನನ್ನದೇ ತಪ್ಪಿದೆ. ಹರಿದಲ್ಲಿ ಟೇಪ್ ಅಂಟಿಸಿ ಒಂದು ಹಾಳೆ ಕಂದು ಮಾಡಿಕೊಂಡೆ. ಈಗ ಪಾಲಿಯೆಸ್ಟರ್ ಹೊದಿಕೆ, ಕತ್ತಲೆ ಜಾಗ, ಪಿನ್ನು ಇಲ್ಲ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಒಬ್ಬನೇ ಸೈನಿಕನ ಕಾಗದಗಳನ್ನು ಬಿಡಿಬಿಡಿಯಾಗಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದುಡ್ಡು ಜಾಸ್ತಿ ಬರುತ್ತದೆ ನಿಜ, ಕತೆ ಚೂರುಚೂರಾಗುತ್ತದೆ. ನನ್ನ ಹತ್ತಿರ ಒಂದು ಜರ್ಮನ್ ಜೋಲ್ಡ್‌ಬುಕ್ ಇದೆ, ಸೈನಿಕ ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಗುರುತು ಮತ್ತು ಸಂಬಳದ ಪುಸ್ತಕ. ರಜೆ, ಆಸ್ಪತ್ರೆ, ಬಡ್ತಿ, ಪ್ರತಿಯೊಂದಕ್ಕೂ ಸಹಿ, ಮೊಹರು. ಮೊದಲ ಪುಟಗಳಲ್ಲಿ ಅವನ ಕಂಪನಿ ಅಧಿಕಾರಿ ನಿಧಾನವಾಗಿ ಪೂರ್ತಿ ಹೆಸರು ಬರೆದಿದ್ದಾನೆ. ಕೆಲವು ತಿಂಗಳ ನಂತರ ಅದೇ ಕೈ ಎರಡಕ್ಷರ ಗೀಚಿದೆ. ಅದರ ಮುಂದಿನ ಸಹಿ ಬೇರೆಯವನದ್ದು.