ಪಂಚಾಯಿತಿಯ ಭಾರತ್‌ನೆಟ್ ಸಂಪರ್ಕವನ್ನು ಮಳೆಗಾಲದಲ್ಲಿ ಉಳಿಸಿಕೊಳ್ಳುವ ಬಗೆ

ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನಲ್ಲಿ ಎಲ್ಲೋ ಬರೆ ಜರಿಯುತ್ತದೆ, ಎಲ್ಲೋ ಸಿಲ್ವರ್ ಓಕ್ ಮರ ತಂತಿಯ ಮೇಲೆ ಉರುಳುತ್ತದೆ. ಅದರ ಹಿಂದೆಯೇ ಭಾರತ್‌ನೆಟ್‌ನಿಂದ, ಅಂದರೆ ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನೆಳೆಯ (ಫೈಬರ್) ಕೇಬಲ್ ಎಳೆದು ಪಂಚಾಯಿತಿಗಳನ್ನು ಜೋಡಿಸುವ ಕೇಂದ್ರದ ಯೋಜನೆಯಿಂದ, ಗ್ರಾಮ ಪಂಚಾಯಿತಿಗೆ ಬರುವ ಇಂಟರ್‌ನೆಟ್ ನಿಂತು, ಇ-ಸ್ವತ್ತು ಆಸ್ತಿ ದಾಖಲೆಗೆಂದು ತೋಟದ ಕೆಲಸ ಬಿಟ್ಟು ಬಂದವರು ಬರಿಗೈಯಲ್ಲಿ ಮರಳುತ್ತಾರೆ. ‘ಮಳೆಗಾಲವಲ್ಲವೇ’ ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಹಾಗೆ ಸುಮ್ಮನಾಗಬೇಕಾಗಿಲ್ಲ, ಏಕೆಂದರೆ ಈ ಜಾಲದ ನಿರ್ವಹಣೆಗೆ ಹಣ ಈಗಾಗಲೇ ಮೀಸಲಾಗಿದೆ.

ಆ ಹಣದ ಮೂಲವನ್ನು ಮೊದಲು ತಿಳಿದಿರಬೇಕು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ವರಮಾನದ (ಕೆಲವು ಬಾಬ್ತುಗಳನ್ನು ಕಳೆದ ವರಮಾನ) ಶೇ 5ರಷ್ಟನ್ನು ಲೆವಿಯಾಗಿ ಕಟ್ಟುತ್ತವೆ. 2002ರಲ್ಲಿ ಆರಂಭವಾದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆ ಈ ಮೊತ್ತ ಸೇರುತ್ತದೆ; 2023ರ ದೂರಸಂಪರ್ಕ ಕಾಯ್ದೆಯ ಬಳಿಕ ಆ ನಿಧಿ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಪಡೆದಿದೆ. ಈ ನಿಧಿಯ ಹಣದಿಂದ ಕಟ್ಟಲು 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೇ ಮುಂದೆ ಭಾರತ್‌ನೆಟ್ ಆಯಿತು. 2023ರ ಆಗಸ್ಟ್‌ನಲ್ಲಿ ₹1,39,579 ಕೋಟಿ ವೆಚ್ಚದ ಪರಿಷ್ಕೃತ ಯೋಜನೆಗೆ ಒಪ್ಪಿಗೆ ದೊರೆತಿದ್ದು, ಅದರ ಜಾರಿಯ ಹೊಣೆ ಬಿಎಸ್‌ಎನ್‌ಎಲ್‌ನದು. ನಮಗೆ ಇದರಲ್ಲಿ ಎರಡು ಅಂಶಗಳು ಮುಖ್ಯ. ಹಳೆಯ ವಿನ್ಯಾಸದಲ್ಲಿ ಫೈಬರ್ ಒಂದೇ ಸಾಲಾಗಿ ಸಾಗುತ್ತಿದ್ದುದರಿಂದ ನಡುವೆ ಒಂದು ಕಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕಡಿದುಹೋಗುತ್ತಿದ್ದವು. ಹೊಸ ಯೋಜನೆಯಲ್ಲಿ ತಾಲ್ಲೂಕು ಕೇಂದ್ರದಿಂದ ಉಂಗುರದಂತೆ ಸುತ್ತುವ ಮಾರ್ಗವಿರುವುದರಿಂದ ಒಂದು ದಿಕ್ಕು ಮುಚ್ಚಿದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ಬರುತ್ತದೆ. ಜೊತೆಗೆ, ಜಾಲ ಹಾಕಿದ ಮೇಲೆ ಹತ್ತು ವರ್ಷಗಳ ನಿರ್ವಹಣೆಯೂ ಯೋಜನೆಯ ಭಾಗವೇ ಆಗಿದೆ. ಆದ್ದರಿಂದ ನಿಮ್ಮ ಪಂಚಾಯಿತಿ ಉಂಗುರಕ್ಕೆ ಸೇರಿದೆಯೇ ಅಥವಾ ಇನ್ನೂ ಹಳೆಯ ಸಾಲಿನಲ್ಲೇ ಇದೆಯೇ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮೂಲಕ ಬಿಎಸ್‌ಎನ್‌ಎಲ್‌ಗೆ ಪತ್ರ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಸಂಪರ್ಕ ಕಡಿದಾಗ ಮೊದಲು ನೋಡಬೇಕಾದುದು ಕಚೇರಿಯ ಗೋಡೆಯ ಮೇಲೆ ಫೈಬರ್ ಬಂದು ಸೇರುವ ಪುಟ್ಟ ಪೆಟ್ಟಿಗೆಯನ್ನು. ‘ಪವರ್’ ದೀಪ ಆರಿದ್ದರೆ ತೊಂದರೆ ವಿದ್ಯುತ್ತಿನದು ಅಥವಾ ಬ್ಯಾಟರಿಯದು. ಪವರ್ ಉರಿಯುತ್ತಿದ್ದು ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ, ಅಂದರೆ ಸಾಮಾನ್ಯವಾಗಿ ಹೊರಗೆಲ್ಲೋ ಕೇಬಲ್ ತುಂಡಾಗಿದೆ ಅಥವಾ ಬಿಗಿಯಾಗಿ ಮಡಚಿಕೊಂಡಿದೆ. ಇಷ್ಟನ್ನು ನೋಡಿ ದೂರು ಕೊಟ್ಟರೆ ಲೈನಿನವರು ಕಚೇರಿಗೆ ಬಂದು ‘ಕರೆಂಟ್ ಇಲ್ಲ’ ಎಂದು ಹಿಂದಿರುಗುವ ಒಂದು ದಿನ ಉಳಿಯುತ್ತದೆ. ನಮ್ಮೂರಿನಲ್ಲಿ ದಿನಗಟ್ಟಲೆ ಕರೆಂಟ್ ಹೋಗುವುದು ಹೊಸದಲ್ಲವಾದ್ದರಿಂದ ಯುಪಿಎಸ್ ಮತ್ತು ಬ್ಯಾಟರಿಯ ವೆಚ್ಚವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದ ಆಯವ್ಯಯದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಕೆಲಸ ಒಂದು ವಹಿ ಇಡುವುದು. ನನ್ನ ದೃಷ್ಟಿಯಲ್ಲಿ ಇಡೀ ವಿಧಾನದ ಜೀವಾಳ ಇದೇ. ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಸಂಪರ್ಕ ಕಡಿದ ದಿನಾಂಕ ಮತ್ತು ಗಂಟೆ, ಉರಿಯುತ್ತಿದ್ದ ದೀಪ, ದೂರಿನ ಸಂಖ್ಯೆ, ದುರಸ್ತಿಗೆ ಬಂದವರ ಸಹಿ, ಸಂಪರ್ಕ ಮರಳಿದ ಗಂಟೆ, ಆ ದಿನ ಕೆಲಸವಾಗದೆ ಹಿಂದಿರುಗಿದವರ ಸಂಖ್ಯೆ: ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ‘ಆಗಾಗ ನೆಟ್ ಇರುವುದಿಲ್ಲ’ ಎಂಬ ದೂರಿಗೆ ಯಾವ ಅಧಿಕಾರಿಯೂ ಉತ್ತರಿಸಬೇಕಾಗಿ ಬರುವುದಿಲ್ಲ. ಜುಲೈ ತಿಂಗಳಲ್ಲಿ ಎಷ್ಟು ಗಂಟೆ ಸಂಪರ್ಕ ಇರಲಿಲ್ಲ ಎಂದು ಕೂಡಿಸಿ ತೋರಿಸಿದ ಪುಟಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಆ ಪುಟವನ್ನು ಗ್ರಾಮ ಸಭೆಯಲ್ಲಿ ಓದಿಸಿ, ನಿರ್ಣಯವನ್ನು ನಡಾವಳಿಯಲ್ಲಿ ದಾಖಲಿಸಿ, ಅದರ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೂ ಬಿಎಸ್‌ಎನ್‌ಎಲ್‌ನ ಜಿಲ್ಲಾ ಕಚೇರಿಗೂ ಕಳುಹಿಸಿ ಸ್ವೀಕೃತಿ ಪಡೆಯಿರಿ.

ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ ₹10, ಉತ್ತರಕ್ಕೆ 30 ದಿನಗಳ ಗಡುವು. ‘ಏಕೆ ತಡವಾಯಿತು’ ಎಂದು ಕೇಳಬೇಡಿ, ದಾಖಲೆ ಕೇಳಿ: ಇಂತಿಂಥ ದೂರು ಸಂಖ್ಯೆಗಳು ಮುಕ್ತಾಯವಾದ ದಿನಾಂಕ ಮತ್ತು ನಿರ್ವಹಣಾ ಗುತ್ತಿಗೆಯಲ್ಲಿ ದುರಸ್ತಿಗೆ ನಿಗದಿಪಡಿಸಿದ ಅವಧಿಯ ಪುಟದ ಪ್ರತಿ. ಅರ್ಜಿ ತಪ್ಪಿ ಬೇರೆ ಕಚೇರಿಗೆ ಹೋದರೂ ಚಿಂತೆಯಿಲ್ಲ, ಕಾಯ್ದೆಯ 6(3)ನೇ ಕಲಮಿನಂತೆ ಅದನ್ನು ಸರಿಯಾದ ಕಚೇರಿಗೆ ಐದು ದಿನಗಳೊಳಗೆ ವರ್ಗಾಯಿಸಬೇಕು.

ಫೈಬರ್ ತುಂಡಾಗುವುದು ಮಳೆಯಿಂದ ಮಾತ್ರವಲ್ಲ. ರಸ್ತೆ ಅಗಲ ಮಾಡುವ, ನೀರಿನ ಪೈಪ್ ಹೂಳುವ, ತೋಟಕ್ಕೆ ದಾರಿ ಬಿಡಿಸುವ ಜೆಸಿಬಿಯೂ ಅಷ್ಟೇ ಕಾರಣ. ಅಗೆಯುವವರು ಕೇಬಲ್‌ನವರಿಗೆ ಮೊದಲೇ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚ್‌ನಿಂದ ಬಳಕೆಯಲ್ಲಿದೆ. ಪಂಚಾಯಿತಿಯ ಕಾಮಗಾರಿಗಳ ಕಾರ್ಯಾದೇಶದಲ್ಲೇ ಇದನ್ನೊಂದು ಷರತ್ತಾಗಿ ಸೇರಿಸಿ. ಮೇ ತಿಂಗಳಲ್ಲಿ, ಮುಂಗಾರು ಇಳಿಯುವ ಮೊದಲು, ವಾರ್ಡ್ ಸದಸ್ಯರು ಲೈನಿನವರ ಜೊತೆ ಮಾರ್ಗದುದ್ದಕ್ಕೂ ಒಮ್ಮೆ ನಡೆದು, ವಾಲಿದ ಕಂಬ, ಜರಿಯುವಂತಿರುವ ಬರೆ, ಮೇಲೆ ಬಾಗಿದ ಕೊಂಬೆ ಇವನ್ನು ಗುರುತಿಸಿ ಅದೇ ವಹಿಯ ಮೊದಲ ಪುಟದಲ್ಲಿ ಬರೆದಿಡಲಿ.